ಜಪಾನಿ ಕಲಿಯುವ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು: ಒಂದೇ ಅರ್ಥದಂತೆ ಕಾಣುವ ಪದಗಳು

ವಾರಾಂತ್ಯದ ತರಗತಿಗಳಲ್ಲಿ, ಪತ್ರಗಳಲ್ಲಿ, ಕಾಫಿ ಕುಡಿಯುವಾಗಿನ ಮಾತುಕತೆಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಮೊದಲೇ ಒಂದು ಮಾತು: ಇಲ್ಲಿನ ಅರ್ಧಕ್ಕರ್ಧ ಗೊಂದಲ ಹುಟ್ಟುವುದು ಜಪಾನಿಗೂ ನಮಗೂ ನಡುವೆ ಇಂಗ್ಲಿಷನ್ನು ಕೂರಿಸಿಕೊಳ್ಳುವುದರಿಂದ. ಕನ್ನಡದಿಂದ ನೇರವಾಗಿ ಹೋದರೆ ಎಷ್ಟೋ ಬಾಗಿಲು ತಾವಾಗಿಯೇ ತೆರೆಯುತ್ತವೆ. ಕನ್ನಡವೇ ದಾರಿ ತಪ್ಪಿಸುವ ಜಾಗಗಳೂ ಇವೆ, ಅವನ್ನೂ ಬಿಟ್ಟಿಲ್ಲ.

## ಈಗಷ್ಟೇ ಶುರು ಮಾಡಿದವರು ಕೇಳುವುದು

"ಒಬಸನ್ ಅಂದ್ರೆ ಅತ್ತೆ-ಚಿಕ್ಕಮ್ಮ, ಒಬಾಸನ್ ಅಂದ್ರೆ ಅಜ್ಜಿ ಅಂತೀರಿ. ಇಷ್ಟು ಸಣ್ಣ ವ್ಯತ್ಯಾಸ ಜಪಾನಿನವರಿಗೆ ನಿಜವಾಗ್ಲೂ ಕೇಳಿಸುತ್ತಾ?"

ನಿಮಗೆ ಕಡು ಮತ್ತು ಕಾಡು, ಕತೆ ಮತ್ತು ಕತ್ತೆ ಬೇರೆಬೇರೆಯಾಗಿ ಕೇಳಿಸುತ್ತವಲ್ಲ, ಅಷ್ಟೇ ಸ್ಪಷ್ಟವಾಗಿ ಕೇಳಿಸುತ್ತದೆ. ಯುಕಿ ಅಂದರೆ ಹಿಮ, ಯೂಕಿ ಅಂದರೆ ಧೈರ್ಯ. ಕಿತೆ ಅಂದರೆ 'ಬಂದು', ಕಿತ್ತೆ ಅಂದರೆ ಅಂಚೆಚೀಟಿ. ತೊರು ಅಂದರೆ ತೆಗೆದುಕೊಳ್ಳುವುದು, ತೋರು ಅಂದರೆ ಹಾದುಹೋಗುವುದು. ರೋಮನ್ ಲಿಪಿಯಲ್ಲಿ ಬರೆದಾಗ ದೀರ್ಘದ ಗುರುತು ಹೆಚ್ಚಾಗಿ ಬಿದ್ದುಹೋಗುತ್ತದೆ, ಓದುವವರಿಗೆ ಎರಡೂ ಒಂದೇ ಅನಿಸುತ್ತದೆ. ಕನ್ನಡ ಲಿಪಿಯಲ್ಲಿ ಎ-ಏ, ಒ-ಓ ಬೇರೆ ಇವೆ, ಒತ್ತಕ್ಷರವೂ ಇದೆ. ಜಪಾನಿಯ ಮೊದಲ ಅಕ್ಷರಮಾಲೆ ಹಿರಗಾನ ಕೈಗೆ ಹತ್ತುವ ತನಕ ಪದಗಳನ್ನು ಕನ್ನಡದಲ್ಲೇ ಬರೆದುಕೊಳ್ಳಿ.

"ಸಮುಯಿ, ತ್ಸುಮೆತೈ ಎರಡಕ್ಕೂ ಪುಸ್ತಕದಲ್ಲಿ 'ಕೋಲ್ಡ್' ಅಂತಲೇ ಇದೆ. ಯಾವುದನ್ನು ಎಲ್ಲಿ ಹೇಳಬೇಕು?"

ಪುಸ್ತಕ ಮುಚ್ಚಿ. ಸಮುಯಿ ಅಂದರೆ ಚಳಿ, ತ್ಸುಮೆತೈ ಅಂದರೆ ಮುಟ್ಟಿದರೆ ತಣ್ಣಗಿರುವುದು. 'ನೀರು ಚಳಿಯಾಗಿದೆ' ಅಂತ ನೀವು ಹೇಳುವುದಿಲ್ಲ, ಅವರೂ ನೀರಿಗೆ ಸಮುಯಿ ಅನ್ನುವುದಿಲ್ಲ. ಸುಜುಶೀ ಅಂದರೆ ಹಿತವಾದ ತಂಪು, ಅತತಕೈ ಅಂದರೆ ಬೆಚ್ಚಗೆ. ಮಾತಾಡುತ್ತಾ ಕೂತು ಕಾಫಿ ಆರಿಹೋದರೆ ಸಮೆತಾ. ಅದು ನಮ್ಮ 'ಆರಿತು' ಎಂಬುದೇ.

ಬಿಸಿಯ ಕಡೆ ಬಂದರೆ ಕನ್ನಡವೇ ಹೆಚ್ಚು ಸೂಕ್ಷ್ಮ. ಸೆಕೆಗೂ ಅತ್ಸುಯಿ, ಬಿಸಿಗೂ ಅತ್ಸುಯಿ. ಕಿವಿಗೆ ಒಂದೇ, ಬರೆಯುವಾಗ ಕಾಂಜಿ, ಅಂದರೆ ಚೀನೀ ಮಾದರಿಯ ಅಕ್ಷರ, ಬೇರೆ. ದಪ್ಪ ಪುಸ್ತಕಕ್ಕೂ ಅತ್ಸುಯಿ ಅನ್ನುತ್ತಾರೆ, ಆದರೆ ಅದರ ಸ್ವರದ ಏರಿಳಿತವೇ ಬೇರೆ. ಇನ್ನೊಂದು: ಯಾರಾದರೂ ಜೋಕ್ ಹೇಳಿ ಯಾರೂ ನಗದಿದ್ದರೆ ಆ ಜೋಕನ್ನೂ ಸಮುಯಿ ಅನ್ನುತ್ತಾರೆ.

"ಕೊಮೆ, ಗೊಹನ್, ರೈಸು, ಇನೆ... ಅಕ್ಕಿಗೆ ಎಷ್ಟು ಪದ ಸ್ವಾಮಿ?"

ನಮಗೆ ಎಷ್ಟಿವೆಯೋ ಹೆಚ್ಚುಕಡಿಮೆ ಅಷ್ಟೇ. ಈ ಪ್ರಶ್ನೆ ಬಂದಾಗಲೆಲ್ಲ ನನಗೆ ಖುಷಿ, ಏಕೆಂದರೆ ಮಂಡ್ಯದ ಕಡೆಯವರೋ ಮಲೆನಾಡಿನವರೋ ತರಗತಿಯಲ್ಲಿದ್ದರೆ ಪಾಠ ಅವರೇ ಮಾಡಿಬಿಡುತ್ತಾರೆ. ನೀರು ನಿಲ್ಲಿಸುವ ಗದ್ದೆ ತಾ, ಒಣ ಹೊಲ ಹತಕೆ. ಹತಕೆಯ ಕಾಂಜಿಯಲ್ಲಿ 'ಗದ್ದೆ'ಯ ಪಕ್ಕದಲ್ಲಿ 'ಬೆಂಕಿ' ಕೂತಿದೆ. ಅದು ಚೀನಾದಿಂದ ಬಂದ ಅಕ್ಷರವಲ್ಲ, ಜಪಾನಿನಲ್ಲೇ ಕಟ್ಟಿಕೊಂಡದ್ದು. ಸಸಿ ಅಂದರೆ ನಾಎ, ನಾಟಿ ಅಂದರೆ ತಾಉಎ. ಗದ್ದೆಯಲ್ಲಿ ನಿಂತ ಪೈರು ಇನೆ, ಕೊಯ್ಲು ಇನೆಕರಿ. ಹೊಟ್ಟು ಬಿಡಿಸದ ಭತ್ತ ಮೊಮಿ, ಹೊಟ್ಟು ಮಾತ್ರ ಬಿಡಿಸಿದ್ದು ಗೆನ್‌ಮೈ, ಪಾಲಿಶ್ ಮಾಡುವಾಗ ಉದುರುವ ತೌಡು ನುಕಾ, ಒಣಗಿದ ಹುಲ್ಲು ವರಾ. ಅಂಗಡಿಯಲ್ಲಿ ಚೀಲದಲ್ಲಿ ಸಿಗುವ ಅಕ್ಕಿ ಕೊಮೆ, ಬೆಂದ ಅನ್ನ ಗೊಹನ್, ಗಂಜಿ ಒಕಯು. 'ಕೊಮೆ ತಿಂದೆ' ಅಂದರೆ ಅಕ್ಕಿ ತಿಂದೆ ಅಂದಂತೆ ಕೇಳಿಸಬಹುದು, ಹುಷಾರು.

ಗೊಹನ್‌ಗೆ 'ಊಟ' ಎಂಬ ಅರ್ಥವೂ ಇದೆ. ಬೆಳಗಿನದು ಅಸಗೊಹನ್, ಮಧ್ಯಾಹ್ನದ್ದು ಹಿರುಗೊಹನ್, ರಾತ್ರಿಯದು ಬನ್‌ಗೊಹನ್; ಬೆಳಿಗ್ಗೆ ಬರೀ ಬ್ರೆಡ್ ತಿಂದರೂ ಅದು ಅಸಗೊಹನ್ನೇ. ಮೆಶಿ ಅನ್ನುವುದು ಅದೇ ಪದದ ಒರಟು ರೂಪ, ಗಂಡಸರ ಗೆಳೆತನದ ಮಾತು. ಪಾಶ್ಚಾತ್ಯ ಶೈಲಿಯ ಹೋಟೆಲಿನಲ್ಲಿ ಚಪ್ಪಟೆ ತಟ್ಟೆಗೆ ಬಡಿಸಿದರೆ ಅದೇ ಅನ್ನ ರೈಸು ಆಗುತ್ತದೆ.

ನೀರಿನದೂ ಇದೇ ಕತೆ: ಮಿಜು ಅಂದರೆ ಬಿಸಿಯಲ್ಲದ ನೀರು ಮಾತ್ರ. ಬಿಸಿನೀರು ಒಯು. 'ಅತ್ಸುಯಿ ಮಿಜು' ಅಂತ ಜೋಡಿಸಲು ಹೋಗಬೇಡಿ.

"ನಾಯಿ ಇದೆ ಅನ್ನೋಕೆ 'ಇನು ಗ ಅರು' ಅಂದೆ, ಟೀಚರ್ ತಪ್ಪು ಅಂದ್ರು. ಯಾಕೆ?"

ಇದು ಕನ್ನಡ ಮಾಡುವ ಕಿತಾಪತಿ. ನಾವು ಮನುಷ್ಯರಿಗೆ 'ಇದ್ದಾನೆ, ಇದ್ದಾಳೆ' ಅನ್ನುತ್ತೇವೆ. ನಾಯಿ, ಬಂಡೆ, ಮರ ಎಲ್ಲಕ್ಕೂ 'ಇದೆ'. ಜಪಾನಿಯಲ್ಲಿ ಗೆರೆ ಎಳೆದಿರುವುದು ಬೇರೆ ಜಾಗದಲ್ಲಿ. ತಾನಾಗಿ ಚಲಿಸುವ ಜೀವಕ್ಕೆ ಇರು, ಉಳಿದದ್ದಕ್ಕೆ ಅರು. ಹಾಗಾಗಿ ನಾಯಿ, ಸೊಳ್ಳೆ, ದೆವ್ವ ಇರು. ಮರಕ್ಕೆ ಜೀವವಿದ್ದರೂ ಅರು. ಹೊಳೆಯಲ್ಲಿ ಈಜುವ ಮೀನು ಇರು, ಅದೇ ಮೀನು ಅಂಗಡಿಯ ಐಸಿನ ಮೇಲೆ ಮಲಗಿದ್ದರೆ ಅರು. ಡ್ರೈವರ್ ಕೂತು ಕಾಯುತ್ತಿರುವ ಟ್ಯಾಕ್ಸಿಗೆ ಇರು ಅನ್ನುವುದೂ ಉಂಟು.

"ಅಣ್ಣನಿಗೆ ಅನಿ ಅನ್ನಬೇಕಾ, ಒನೀಸನ್ ಅನ್ನಬೇಕಾ?"

ಹೊರಗಿನವರ ಮುಂದೆ ನಿಮ್ಮ ಅಣ್ಣನ ಬಗ್ಗೆ ಹೇಳುವಾಗ ಅನಿ. ಅವರ ಅಣ್ಣನ ಬಗ್ಗೆ ಕೇಳುವಾಗ, ಮನೆಯಲ್ಲಿ ಅಣ್ಣನನ್ನು ಕರೆಯುವಾಗ ಒನೀಸನ್. ಅಕ್ಕನಿಗೆ ಅನೆ, ಒನೇಸನ್. ತಮ್ಮ ಒತೋತೊ, ತಂಗಿ ಇಮೋತೊ. ಇವರನ್ನು ನಮ್ಮಲ್ಲಿ ಹೇಗೋ ಹಾಗೆ ಹೆಸರು ಹಿಡಿದೇ ಕರೆಯುತ್ತಾರೆ. ಸೋದರಮಾವ, ಚಿಕ್ಕಪ್ಪ, ದೊಡ್ಡಪ್ಪ ಹುಡುಕಿದರೆ ನಿರಾಸೆಯಾಗುತ್ತದೆ: ಮೂವರೂ ಒಜಿಸನ್. ತಂದೆ-ತಾಯಿಗಿಂತ ಹಿರಿಯರೋ ಕಿರಿಯರೋ ಎಂಬುದು ಕಾಂಜಿಯಲ್ಲಿ ಮಾತ್ರ ಗೊತ್ತಾಗುತ್ತದೆ. ಅತ್ತೆಯ ಮಗ, ಚಿಕ್ಕಪ್ಪನ ಮಗ ಇಬ್ಬರೂ ಇತೊಕೊ.

## ಸ್ವಲ್ಪ ದೂರ ಬಂದವರು ಕೇಳುವುದು

"ಮಿರು, ಮಿಎರು, ಮಿರರೆರು ಮೂರೂ ನೋಡೋದೇ ಅಲ್ವಾ?"

ಮಿರು ಅಂದರೆ ನೋಡು, ಮಿಎರು ಅಂದರೆ ಕಾಣಿಸು. ಟೋಕಿಯೊದಿಂದ ಒಸಾಕಾ ಕಡೆ ಹೋಗುವ ಶಿಂಕಾನ್‌ಸೆನ್‌ನಲ್ಲಿ ಬಲಗಡೆ ಕೂತರೆ, ಮೋಡವಿಲ್ಲದಿದ್ದರೆ ಫುಜಿ ಪರ್ವತ 'ಮಿಎರು'. ನೀವು ಪ್ರಯತ್ನಪಡಬೇಕಿಲ್ಲ, ಕಣ್ಣಿಗೆ ಬೀಳುತ್ತದೆ. ಮಿರರೆರು ಅಂದರೆ ನೋಡಲು ಅವಕಾಶವಿದೆ: ಆ ಊರಿನ ಥಿಯೇಟರಿನಲ್ಲಿ ಹಳೆಯ ಸಿನಿಮಾ ನೋಡಬಹುದು ಅನ್ನುವಾಗ ಅದು.

ಕಿವಿಯ ಕಡೆ ಕಿಕು ಅಂದರೆ ಕೇಳು, ಕಿಕೊಎರು ಅಂದರೆ ಕೇಳಿಸು. ಕಿಕು ಪದಕ್ಕೆ ಆಲಿಸುವುದು, ಪ್ರಶ್ನೆ ಕೇಳುವುದು ಎಂಬ ಎರಡೂ ಅರ್ಥವಿದೆ ಅಂದಾಗ ಬೇರೆ ಭಾಷೆಯವರು ತಲೆ ಕೆರೆದುಕೊಳ್ಳುತ್ತಾರೆ. 'ಹಾಡು ಕೇಳು', 'ದಾರಿ ಕೇಳು' ಅನ್ನುವ ನಮಗೆ ಅದರಲ್ಲಿ ವಿಶೇಷವೇನೂ ಇಲ್ಲ.

"ಬಟ್ಟೆ ಹಾಕ್ಕೊಳ್ಳೋಕೆ ಇಷ್ಟೊಂದು ಕ್ರಿಯಾಪದ ಯಾಕೆ? ಒಂದೇ ಸಾಲದಾ?"

ಈಗ ನಾವು ಎಲ್ಲದಕ್ಕೂ 'ಹಾಕಿಕೊ' ಅನ್ನುತ್ತೇವೆ. ಆದರೆ ಅಜ್ಜಿಯ ಬಾಯಲ್ಲಿ ಸೀರೆ ಉಡುತ್ತಿದ್ದರು, ರವಿಕೆ ತೊಡುತ್ತಿದ್ದರು, ಹೂ ಮುಡಿಯುತ್ತಿದ್ದರು, ಚಪ್ಪಲಿ ಮೆಟ್ಟುತ್ತಿದ್ದರು. ಜಪಾನಿಯಲ್ಲಿ ಆ ಪದ್ಧತಿ ಇನ್ನೂ ಬದುಕಿದೆ. ಸೊಂಟದ ಮೇಲಿನದ್ದು, ಇಡೀ ಮೈ ಮುಚ್ಚುವುದು ಕಿರು. ಸೊಂಟದಿಂದ ಕೆಳಗಿನದ್ದು, ಅಂದರೆ ಪ್ಯಾಂಟ್, ಸಾಕ್ಸ್, ಶೂ ಎಲ್ಲ ಹಕು. ತಲೆಗೆ ಕಬುರು, ಕನ್ನಡಕಕ್ಕೆ ಕಕೆರು, ಉಂಗುರಕ್ಕೆ ಹಮೆರು. ತೆಗೆಯುವಾಗ ಗುಂಪು ಬದಲಾಗುತ್ತದೆ: ಬಟ್ಟೆ, ಶೂ, ಟೋಪಿಗೆ ನುಗು, ಕನ್ನಡಕ, ಉಂಗುರ, ವಾಚಿಗೆ ಹಜುಸು.

"ಶಿರಿಮಸೆನ್, ವಕರಿಮಸೆನ್ ಎರಡೂ 'ಗೊತ್ತಿಲ್ಲ' ತಾನೇ? ನಾನು ಶಿರಿಮಸೆನ್ ಅಂದಾಗ ಮ್ಯಾನೇಜರ್ ಮುಖ ಒಂಥರಾ ಆಯ್ತು."

ಶಿರು ಅಂದರೆ ಒಂದು ವಿಷಯ ಹೊರಗಿನಿಂದ ನಿಮ್ಮ ತಲೆಗೆ ಬರುವುದು. ವಕರು ಅಂದರೆ ಅದು ಸ್ಪಷ್ಟವಾಗುವುದು, ಅರ್ಥವಾಗುವುದು. ಯಾರದೋ ಫೋನ್ ನಂಬರ್ ಕೇಳಿದರೆ ಶಿರಿಮಸೆನ್ ಸರಿ. 'ನಾಳೆ ನೀವು ಬರ್ತೀರಾ?' ಎಂದು ನಿಮ್ಮದೇ ಯೋಜನೆ ಕೇಳಿದಾಗ ಶಿರಿಮಸೆನ್ ಅಂದರೆ 'ನನಗೇನು ಗೊತ್ತು, ನನಗೇಕೆ' ಎಂಬ ಧಾಟಿ ಬರುತ್ತದೆ. ಅಲ್ಲಿ ವಕರಿಮಸೆನ್ ಅನ್ನಬೇಕು, ಇನ್ನೂ ತೀರ್ಮಾನವಾಗಿಲ್ಲ ಎಂಬ ಅರ್ಥದಲ್ಲಿ. ಆಫೀಸಿನಲ್ಲಿ ನಿಮಗೆ ಗೊತ್ತಿರಬೇಕಾದ ವಿಷಯ ಕೇಳಿದಾಗಲೂ ಹಾಗೆಯೇ. ಕನ್ನಡದ 'ಗೊತ್ತಿಲ್ಲ' ಎರಡನ್ನೂ ನುಂಗಿಬಿಡುವುದರಿಂದ ನಮ್ಮವರು ಇಲ್ಲೇ ಜಾಸ್ತಿ ಎಡವುತ್ತಾರೆ. ಒಂದು ವಿಚಿತ್ರ ನೆನಪಿಡಿ: 'ಗೊತ್ತು' ಅನ್ನಲು ಶಿತ್ತೆ ಇಮಸು, 'ಗೊತ್ತಿಲ್ಲ' ಅನ್ನಲು ಶಿತ್ತೆ ಇಮಸೆನ್ ಅಲ್ಲ, ಬರೀ ಶಿರಿಮಸೆನ್.

"ಒಮೊಉ, ಕಂಗಎರು?"

'ಅನಿಸುತ್ತೆ' ಅಂದರೆ ಒಮೊಉ, 'ಯೋಚನೆ ಮಾಡು' ಅಂದರೆ ಕಂಗಎರು. ಕನ್ನಡ ಇಲ್ಲಿ ಮೋಸ ಮಾಡುವುದಿಲ್ಲ.

"ಫೋನಲ್ಲಿ 'ಬರ್ತಾ ಇದೀನಿ' ಅನ್ನೋಕೆ ಕುರು ಅಂದ್ರೆ ನಗ್ತಾರೆ. ಬರೋದು ಅಂದ್ರೆ ಕುರು ಅಲ್ವಾ?"

ಕನ್ನಡದಲ್ಲಿ ಕೇಳುಗರ ಕಡೆಗೆ ಹೋಗುವುದೂ 'ಬರುವುದೇ'. ಅಮ್ಮ ಕೂಗಿದರೆ 'ಬಂದೆ ಬಂದೆ' ಅನ್ನುತ್ತೇವೆ. ಜಪಾನಿಯಲ್ಲಿ ಮಾತಾಡುವವರು ನಿಂತ ಜಾಗವೇ ಲೆಕ್ಕ. ನೀವು ಅಲ್ಲಿಂದ ಹೊರಟು ಅವರ ಕಡೆ ಹೋಗುತ್ತಿದ್ದೀರಿ, ಆದ್ದರಿಂದ ಇಮಾ ಇಕು, ಅಂದರೆ 'ಈಗ ಹೋಗ್ತೀನಿ'. ನಮ್ಮ ಕಿವಿಗೆ ತಿರುಗುಮುರುಗು, ಅಭ್ಯಾಸವಾಗಬೇಕು.

ಮನೆ ಬಿಡುವಾಗ ಮಾತ್ರ ಎರಡು ಭಾಷೆ ಒಂದೇ ದಾರಿ ಹಿಡಿಯುತ್ತವೆ. ಇತ್ತೆ ಕಿಮಸು ಅಂದರೆ ಅಕ್ಷರಶಃ 'ಹೋಗಿ ಬರ್ತೀನಿ'. ಒಳಗಿನವರು ಇತ್ತೆರಶ್ಶೈ ಅನ್ನುತ್ತಾರೆ, 'ಹೋಗಿ ಬಾ'. ಬರೀ 'ಹೋಗ್ತೀನಿ' ಅಂದರೆ ನಮ್ಮ ಮನೆಗಳಲ್ಲಿ ಬೈಸಿಕೊಳ್ಳುತ್ತೇವಲ್ಲ. ಸಂಜೆ ಮನೆಗೆ ಹೊರಟಾಗ ಇಕು ಬಳಸಬೇಡಿ; ತಮ್ಮ ಮನೆಗೆ, ಊರಿಗೆ, ದೇಶಕ್ಕೆ ಹೋಗುವುದು ಕಎರು. ಮರೆತ ಛತ್ರಿ ತರಲು ಆಫೀಸಿಗೆ ವಾಪಸ್ ಹೋದರೆ ಅದು ಮೊದೊರು.

"ಅಗೆರು, ಕುರೆರು, ಮೊರೌ... ಕೊಡೋದು ತಗೊಳ್ಳೋದು ಇಷ್ಟು ಕಷ್ಟನಾ?"

'ಕೊಡು' ಎಂಬ ಒಂದೇ ಪದದ ಜಾಗದಲ್ಲಿ ಎರಡಿವೆ. ನನ್ನಿಂದ ಹೊರಗೆ ಹೋದರೆ ಅಗೆರು, ನನ್ನ ಕಡೆಗೆ ಅಥವಾ ನನ್ನವರ ಕಡೆಗೆ ಬಂದರೆ ಕುರೆರು. ಗೆಳೆಯ ನನಗೆ ಪುಸ್ತಕ ಕೊಟ್ಟ ಅನ್ನಲು ಅಗೆತಾ ಅಂದರೆ ತಪ್ಪು. ಮಲಯಾಳಂ ಬಲ್ಲವರಿಗೆ ಇದು ಸಲೀಸು, ಅವರಲ್ಲಿ ತರಿಕ ಮತ್ತು ಕೊಡುಕ್ಕುಕ ಹೀಗೆಯೇ ದಿಕ್ಕು ನೋಡುತ್ತವೆ. ಪಡೆದವರನ್ನು ಕರ್ತೃ ಮಾಡಿದರೆ ಮೊರೌ.

ಕ್ರಿಯಾಪದಕ್ಕೆ ಅಂಟಿದಾಗಲೂ ನಮ್ಮ 'ಮಾಡಿಕೊಡು' ಥರವೇ: ಶಿತೆ ಅಗೆರು, ಶಿತೆ ಕುರೆರು. ಒಂದು ಅಪಾಯವಿದೆ. ಹಿರಿಯರ ಬ್ಯಾಗ್ ನೋಡಿ 'ನಾನು ಎತ್ತಿಕೊಡ್ತೀನಿ ಸರ್' ಅನ್ನುವುದು ಕನ್ನಡದಲ್ಲಿ ಸೌಜನ್ಯ. ಜಪಾನಿಯಲ್ಲಿ ಮೊತ್ತೆ ಅಗೆಮಸು ಅಂದರೆ ಉಪಕಾರ ಹೊರಿಸಿದಂತೆ ಕೇಳಿಸುತ್ತದೆ. ಒಮೊಚಿ ಶಿಮಸು ಅನ್ನಿ.

"ತಬೆತೆ ಶಿಮತ್ತಾ, ತಬೆತೆ ಮಿತಾ, ಇವನ್ನೆಲ್ಲ ಹೇಗೆ ನೆನಪಿಟ್ಟುಕೊಳ್ಳೋದು?"

ನೆನಪಿಡುವಂಥದ್ದೇನೂ ಇಲ್ಲ, ನಿಮಗೆ ಆಗಲೇ ಗೊತ್ತು. ತಬೆತೆ ಅಂದರೆ 'ತಿಂದು'. ತಬೆತೆ ಶಿಮತ್ತಾ 'ತಿಂದುಬಿಟ್ಟೆ', ಮುಗಿಸಿದ ಅರ್ಥವೂ ಅಯ್ಯೋ ಎಂಬ ಅರ್ಥವೂ ನಮ್ಮ ಬಿಟ್ಟೆಯಲ್ಲಿರುವ ಹಾಗೆಯೇ. ತಬೆತೆ ಮಿರು 'ತಿಂದು ನೋಡು'. ನೋಡುವ ಕ್ರಿಯಾಪದವನ್ನೇ ಇಬ್ಬರೂ ಬಳಸುತ್ತೇವೆ. ಕತ್ತೆ ಒಕು ಅಂದರೆ ಮುಂದಕ್ಕೆ ಬೇಕಾಗುತ್ತದೆಂದು 'ಕೊಂಡಿಡು'. ಒಂದು ಕಡೆ ಮಾತ್ರ ಎಚ್ಚರ: ಪರ್ಸ್ ಕಳೆದರೆ ನಾವು 'ಬಿದ್ದುಹೋಯ್ತು' ಅಂತ ಪರ್ಸಿನ ಮೇಲೆ ಹಾಕುತ್ತೇವೆ. ಜಪಾನಿಯಲ್ಲಿ ಸೈಫು ಒ ಒತೊಶಿಮಶಿತಾ, 'ಬೀಳಿಸಿದೆ', ಎಂದು ತಮ್ಮ ಮೇಲೆ ಹಾಕಿಕೊಳ್ಳುವುದೇ ರೂಢಿ. ಪೊಲೀಸ್ ಚೌಕಿ ಕೋಬನ್‌ನಲ್ಲಿ ಕಂಪ್ಲೇಂಟ್ ಕೊಡುವಾಗ ಬೇಕಾಗುವ ವಾಕ್ಯ.

## ಇನ್ನೂ ಮುಂದೆ ಹೋದವರು ಕೇಳುವುದು

"ಒಇಶಿಸೋ ದೆಸು, ಒಇಶೀ ಸೋ ದೆಸು: ಒಂದಕ್ಷರ ಹೆಚ್ಚುಕಮ್ಮಿಗೆ ಅರ್ಥ ಬದಲಾಗುತ್ತಾ?"

ಪೂರ್ತಿ ಬದಲಾಗುತ್ತದೆ. ಮೊದಲನೆಯದು ಕಣ್ಣಿನ ಮಾತು: ರುಚಿಯಾಗಿರೋ ಹಾಗಿದೆ. ಎರಡನೆಯದು ಕಿವಿಯ ಮಾತು: ರುಚಿಯಾಗಿದೆಯಂತೆ. ಅಮೆ ಗ ಫುರಿಸೋ ಅಂದರೆ ಮೋಡ ನೋಡಿ 'ಮಳೆ ಬರೋ ಹಾಗಿದೆ'. ಅಮೆ ಗ ಫುರು ಸೋ ಅಂದರೆ ವರದಿ ಕೇಳಿ 'ಮಳೆ ಬರುತ್ತಂತೆ'. ನಮ್ಮ 'ಅಂತೆ'ಯಷ್ಟು ನಿಖರವಾದ ಸಾಧನ ಕೈಯಲ್ಲಿರುವಾಗ 'ಯಾರೋ ಹೇಳಿದ್ದನ್ನು ಕೇಳಿದೆ' ಎಂದು ಸುತ್ತಿಬಳಸಿ ಕಲಿಯುವುದು ಯಾಕೋ.

"ಯತ್ತೊ, ತೋತೋ ಎರಡಕ್ಕೂ 'ಕೊನೆಗೂ' ಅಂತ ಬರ್ಕೊಂಡಿದೀನಿ. ಪರೀಕ್ಷೆಯಲ್ಲಿ ತಪ್ಪಾಯ್ತು."

ಯತ್ತೊದಲ್ಲಿ ಕಾಯುವಿಕೆ ಇದೆ, ಬೇಕಾದದ್ದು ಆಯಿತೆಂಬ ನಿಟ್ಟುಸಿರಿದೆ. 'ಅಂತೂ ಇಂತೂ ಬಸ್ ಬಂತು' ಅನ್ನುವ ಜಾಗ. ತೋತೋ ಬಹುಕಾಲದ ನಂತರದ ಫಲಿತಾಂಶಕ್ಕೆ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ. ಬಸ್ ಬರಲೇ ಇಲ್ಲ ಎಂದಾದರೆ ತೋತೋ ಕೊನಕತ್ತಾ ಅನ್ನಬಹುದು. ಯತ್ತೊ ಕೊನಕತ್ತಾ ಎಂಬ ವಾಕ್ಯವೇ ಇಲ್ಲ.

ಇದೇ ಜಾತಿಯ ಇನ್ನೊಂದು ಜೋಡಿ ಒಕಗೆ ಮತ್ತು ಸೇ. ಒಳ್ಳೆಯದಾದರೆ ನಿಮ್ಮ ಒಕಗೆ, ಕೆಟ್ಟರೆ ನಿಮ್ಮ ಸೇ. 'ನಿಮ್ಮ ದಯೆಯಿಂದ', 'ನಿನ್ನ ದೆಸೆಯಿಂದ' ಇಟ್ಟು ನೋಡಿ.

"ಕಿಮರಿ, ಕಿಸೊಕು, ರೂರು: ಮೂರೂ ರೂಲ್ಸೇ. ಯಾವುದನ್ನು ಬಳಸಿದರೂ ನಡೆಯುತ್ತಾ?"

ಕಟ್ಟಳೆ, ನಿಯಮ, ರೂಲ್ಸ್. ಮೂರೂ ಕನ್ನಡದಲ್ಲಿವೆ, ಆದರೆ ಅದಲುಬದಲು ಮಾಡಿದರೆ ಮಾತಿನ ಬಣ್ಣ ಬದಲಾಗುತ್ತದೆ. ಜಪಾನಿಯಲ್ಲೂ ಮೂರು ಪದರ: ಮೂಲ ಜಪಾನಿ ಪದಗಳು ವಗೊ, ಚೀನೀ ಮೂಲದವು ಕಂಗೊ, ಪಾಶ್ಚಾತ್ಯ ಭಾಷೆಗಳಿಂದ ಬಂದವು ಗೈರೈಗೊ. ನಮ್ಮಲ್ಲಿ ಸಂಸ್ಕೃತ ಪದಕ್ಕೆ ಬರುವ ಗಾಂಭೀರ್ಯ ಅಲ್ಲಿ ಕಂಗೊಗೆ ಬರುತ್ತದೆ. ಮನೆಯ ಕಟ್ಟುಪಾಡು ಕಿಮರಿ, ಶಾಲೆ-ಕಂಪನಿಯ ಲಿಖಿತ ನಿಯಮ ಕಿಸೊಕು, ಆಟದ್ದು ರೂರು. ಇಳಿದುಕೊಳ್ಳುವ ಜಾಗದಲ್ಲಿ ಪದರ ಬದಲಾದರೆ ವಸ್ತುವೇ ಬದಲಾಗುತ್ತದೆ: ಯದೊಯಾ ಹಳೇ ಕಾಲದ ತಂಗುಮನೆ, ರ್ಯೊಕನ್‌ನಲ್ಲಿ ತತಾಮಿ ಚಾಪೆಯ ಮೇಲೆ ಹಾಸಿಗೆ, ಹೊತೆರುನಲ್ಲಿ ಮಂಚ.

ಗೈರೈಗೊ ಕಂಡರೆ ಇಂಗ್ಲಿಷ್ ಗೊತ್ತಿದೆ ಎಂಬ ಧೈರ್ಯ ಬೇಡ. ಮನ್‌ಶೊನ್ ಅಂದರೆ ಬಂಗಲೆಯಲ್ಲ, ಅಪಾರ್ಟ್‌ಮೆಂಟ್. ಕೊನ್‌ಸೆಂತೊ ಅಂದರೆ ಗೋಡೆಯ ಪ್ಲಗ್ ಪಾಯಿಂಟ್. ಕನ್ನಿಂಗು ಅಂದರೆ ಪರೀಕ್ಷೆಯಲ್ಲಿ ಕಾಪಿ ಹೊಡೆಯುವುದು. ಬೈಕು ಮಾತ್ರ ನಮ್ಮ ಬೈಕೇ, ಸೈಕಲ್ಲಲ್ಲ. ಎಲ್ಲಕ್ಕಿಂತ ತಮಾಷೆ ತೆನ್‌ಶೊನ್: ನಮ್ಮಲ್ಲಿ ಟೆನ್ಶನ್ ಜಾಸ್ತಿಯಾದರೆ ಬಿಪಿ ಮಾತ್ರೆ ನುಂಗುತ್ತೇವೆ, ಅಲ್ಲಿ ತೆನ್‌ಶೊನ್ ಗ ತಕೈ ಅಂದರೆ ಉತ್ಸಾಹದಿಂದ ಕುಣಿಯುತ್ತಿದ್ದಾರೆ ಎಂದರ್ಥ.

"ಹಶಿ ಅಂದ್ರೆ ಸೇತುವೆನೂ ಹೌದು, ಊಟದ ಕಡ್ಡಿನೂ ಹೌದು. ಮಾತಲ್ಲಿ ಹೇಗೆ ಗೊತ್ತಾಗುತ್ತೆ?"

ಸ್ವರದ ಏರಿಳಿತದಿಂದ. ಟೋಕಿಯೊ ಮಾತಿನಲ್ಲಿ ಮೊದಲ ಅಕ್ಷರ ಮೇಲಿದ್ದು ಇಳಿದರೆ ಕಡ್ಡಿ, ಎರಡನೆಯದು ಮೇಲೇರಿದರೆ ಸೇತುವೆ. ಕ್ಯೋಟೊ-ಒಸಾಕಾ ಕಡೆ ಇದು ತಿರುಗಿಬಿಡುತ್ತದೆ. ಹಾಗಾಗಿ ಸಂದರ್ಭವೇ ದೊಡ್ಡ ಆಸರೆ. ಹಯೈಗೆ 'ಬೇಗ' ಮತ್ತು 'ವೇಗ' ಎರಡು ಕಾಂಜಿ ಇರುವುದು ಬೇರೆ ರೀತಿ. 'ಬೇಗ ಎದ್ದೆ', 'ಬೇಗ ಬೇಗ ನಡೆ' ಅನ್ನುವ ನಮಗೆ ಒಂದೇ ಪದ ಯಾಕೆ ಎರಡೂ ಕೆಲಸ ಮಾಡುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬರೆಯುವಾಗ ಮಾತ್ರ ಆಯ್ದುಕೊಳ್ಳಬೇಕು.

"ಡಾಕ್ಟರ್ ಹತ್ರ 'ಇತೈ' ಅಂದೆ. 'ದೊನ್ನಾ ಇತಮಿ' ಅಂತ ಕೇಳಿದ್ರು, ಬಾಯಿ ಕಟ್ಟಿತು."

'ಎಂಥ ನೋವು' ಎಂದು ಕೇಳಿದ್ದಾರೆ. ಇದಕ್ಕೆ ಉತ್ತರ ಇರುವುದು ಅನುಕರಣ ಪದಗಳಲ್ಲಿ. ಹಲ್ಲೋ ಗಾಯವೋ ಮಿಡಿಯುತ್ತಾ ಸಿಡಿದರೆ ಜುಕಿಜುಕಿ, ತಲೆ ಸುತ್ತಿಗೆಯಲ್ಲಿ ಬಡಿದಂತಾದರೆ ಗನ್‌ಗನ್, ಚರ್ಮ ಚುರುಚುರು ಅಂದರೆ ಹಿರಿಹಿರಿ, ಸೂಜಿ ಚುಚ್ಚಿದಂತಿದ್ದರೆ ಚಿಕುಚಿಕು, ಹೊಟ್ಟೆಯಲ್ಲಿ ಸಣ್ಣಗೆ ಬಿಡದೆ ಕಾಡಿದರೆ ಶಿಕುಶಿಕು. ಇವು ಮಕ್ಕಳ ಮಾತಲ್ಲ, ವೈದ್ಯರು ಗಂಭೀರವಾಗಿ ಕೇಳಿಸಿಕೊಳ್ಳುವ ವಿವರ. ಕ, ಸ, ತ ಇದ್ದಲ್ಲಿ ಗ, ಜ, ದ ಬಂದರೆ ಭಾರ, ಒರಟುತನ ಹೆಚ್ಚುತ್ತದೆ: ಗೋಲಿ ಉರುಳಿದರೆ ಕೊರೊಕೊರೊ, ಬಂಡೆ ಉರುಳಿದರೆ ಗೊರೊಗೊರೊ. ನಕ್ಷತ್ರ ಕಿರಕಿರ ಹೊಳೆದರೆ, ಕಣ್ಣು ಕುಕ್ಕುವ ಬಿಸಿಲು ಗಿರಗಿರ. ಈ 'ಕಿರಕಿರ'ಕ್ಕೂ ನಮ್ಮ ಕಿರಿಕಿರಿಗೂ ಸಂಬಂಧವಿಲ್ಲ.

"ನಮ್ಮ ಬಾಸ್ ಬಗ್ಗೆ ಕ್ಲೈಂಟ್ ಮುಂದೆ ಗೌರವದಿಂದ ಮಾತಾಡಿದ್ದಕ್ಕೆ ತಿದ್ದಿದ್ರು. ಗೌರವ ಕೊಡೋದೂ ತಪ್ಪಾ?"

ಬಿಡದಿ ಕಡೆಯ ಕಾರ್ಖಾನೆಗಳಲ್ಲಿ, ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಜಪಾನಿನವರ ಜೊತೆ ಕೆಲಸ ಮಾಡುವವರ ಖಾಯಂ ಪ್ರಶ್ನೆ. ಕನ್ನಡದಲ್ಲಿ ಹಿರಿಯರು ಯಾರ ಮುಂದೆಯೂ ಹಿರಿಯರೇ: 'ಸರ್ ಹೊರಗೆ ಹೋಗಿದ್ದಾರೆ', 'ಅಮ್ಮ ಬಂದಿದ್ದಾರೆ'. ಜಪಾನಿಯಲ್ಲಿ ಯಾರ ಮುಂದೆ ಮಾತಾಡುತ್ತಿದ್ದೀರಿ ಎಂಬುದು ನಿರ್ಧರಿಸುತ್ತದೆ. ಹೊರಗಿನವರ ಮುಂದೆ ಬಾಸ್ ನಿಮ್ಮ ಗುಂಪಿನವರು, ಗುಂಪನ್ನು ತಗ್ಗಿಸಿ ಹೇಳಬೇಕು. 'ಯಮದಾ ವ ಗೈಶುತ್ಸು ಶಿತೆ ಒರಿಮಸು', ಅಂದರೆ 'ಯಮದಾ ಹೊರಗೆ ಹೋಗಿದ್ದಾರೆ': ಹೆಸರಿಗೆ ಗೌರವದ 'ಸನ್' ಇಲ್ಲ, ಇರು ಬದಲು ವಿನಯದ ಒರು ಇದೆ. ಆಫೀಸಿನ ಒಳಗೆ ಅದೇ ಯಮದಾ ಅವರಿಗೆ ಗೌರವದ ಇರಶ್ಶರು. ತಿನ್ನುವುದಕ್ಕೂ ಹೀಗೆ: ಅವರು ಮೆಶಿಅಗರು, ನಾನು ಇತದಕು, ಸಾಮಾನ್ಯಕ್ಕೆ ತಬೆರು. ಜಪಾನಿನ ಸಂಸ್ಕೃತಿ ಮಂಡಳಿ 2007ರಲ್ಲಿ ಕೊಟ್ಟ ಮಾರ್ಗಸೂಚಿ ಈ ಗೌರವದ ಮಾತನ್ನು 5 ಬಗೆಯಾಗಿ ವಿಂಗಡಿಸಿದೆ, ಅಂದರೆ ಅಲ್ಲಿನವರಿಗೂ ಇದು ಸುಲಭವಲ್ಲ. 'ಅನತಾ' ಪದವನ್ನು 'ನೀವು' ಎಂದುಕೊಂಡು ಹಿರಿಯರಿಗೆ ಬಳಸಬೇಡಿ. ಹೆಸರಿಗೆ 'ಸನ್' ಸೇರಿಸಿ, ಇಲ್ಲವೇ ಬರೀ ಹುದ್ದೆಯಿಂದ ಕರೆಯಿರಿ.

"ಇಷ್ಟೆಲ್ಲ ಹೋಲಿಕೆ ಇದೆ ಅಂದ್ರೆ ಕನ್ನಡ, ಜಪಾನಿ ಒಂದೇ ಮೂಲದವಾ?"

ಜಪಾನಿನ ಭಾಷಾವಿದ್ವಾಂಸ ಸುಸುಮು ಓನೊ ತಮಿಳಿಗೂ ಜಪಾನಿಗೂ ನಂಟಿದೆ ಎಂದು ವಾದಿಸಿದರು. ಹೆಚ್ಚಿನ ಭಾಷಾವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ನಂಟು ಖಚಿತವಾಗಿರುವುದು ಒಕಿನಾವಾ ಕಡೆಯ ರ್ಯೂಕ್ಯೂ ಭಾಷೆಗಳ ಜೊತೆ ಮಾತ್ರ. ಕ್ರಿಯಾಪದ ಕೊನೆಗೆ ಬರುವುದು, ಪ್ರತ್ಯಯ ಹಿಂದೆ ಅಂಟುವುದು ಜಗತ್ತಿನ ಹಲವು ಭಾಷೆಗಳಲ್ಲಿದೆ. 'ಇರು' ಎರಡರಲ್ಲೂ ಇರುವುದು ಕಾಕತಾಳೀಯ.

"ಹೊಸ ಜೋಡಿ ಪದ ಸಿಕ್ಕಾಗ ವ್ಯತ್ಯಾಸ ನಾನೇ ಹೇಗೆ ಕಂಡುಹಿಡೀಲಿ?"

ವಿರುದ್ಧ ಪದ ಹುಡುಕಿ. ತಕೈಗೆ ಒಂದು ಕಡೆ ಹಿಕುಯಿ (ತಗ್ಗು), ಇನ್ನೊಂದು ಕಡೆ ಯಸುಯಿ (ಅಗ್ಗ) ಸಿಕ್ಕರೆ 'ಎತ್ತರ' ಮತ್ತು 'ದುಬಾರಿ' ತಾವಾಗಿಯೇ ಬೇರೆಯಾಗುತ್ತವೆ. ನಿಷೇಧ ವಾಕ್ಯದಲ್ಲಿ ಇಟ್ಟು ನೋಡಿ, ಯತ್ತೊ ಸಿಕ್ಕಿಬಿದ್ದದ್ದು ಹಾಗೆಯೇ. ಜೊತೆಗೆ ಯಾವ ನಾಮಪದ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಬರೆದಿಡಿ. ಜಪಾನಿ ಭಾಷಾ ಸಾಮರ್ಥ್ಯ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಎನ್4 ಹಂತದಿಂದ ಎಲ್ಲಕ್ಕಿಂತ ಕಷ್ಟದ ಎನ್1ರವರೆಗೆ 'ಯೋಹೋ' ಎಂಬ ಪ್ರಶ್ನೆ ಕೇಳುವುದು ಇದನ್ನೇ: ಒಂದು ಪದ, ನಾಲ್ಕು ವಾಕ್ಯ, ಸರಿಯಾದ ಬಳಕೆ ಒಂದು. ಎನ್3 ದಾಟಿದ ಮೇಲೆ ಜಪಾನಿ-ಇಂಗ್ಲಿಷ್ ನಿಘಂಟು ಕೆಳಗಿಟ್ಟು, ಜಪಾನಿನ ಶಾಲಾ ಮಕ್ಕಳಿಗಾಗಿ ಬರೆದ ಜಪಾನಿ-ಜಪಾನಿ ನಿಘಂಟು ತೆಗೆದುಕೊಳ್ಳಿ. ಕಾಂಜಿಯ ಪಕ್ಕದಲ್ಲಿ ಹಿರಗಾನ ಇರುತ್ತದೆ, ವಿವರಣೆ ಚಿಕ್ಕದು, ಉದಾಹರಣೆ ವಾಕ್ಯಗಳು ಮಕ್ಕಳ ದಿನಚರಿಯವು. ಅಂಚಿನಲ್ಲಿ ಅರ್ಥವನ್ನು ಕನ್ನಡದಲ್ಲಿ ಬರೆದುಕೊಳ್ಳಿ.